ಪಟ್ಟಿಯಲ್ಲಿ ಕಾಣದ ಸ್ನೇಹಲತಾ

"ಒಬ್ಬರೂ ಬರ್ತಿಲ್ವಲ್ರೀ! ನೂರಾ ಹನ್ನೆರಡು ಹೆಸರು ಎಲ್ಲಿ ಹೋದ್ವು?"

ಸ್ನೇಹಲತಾ ಬೆಚ್ಚಿ ತಿರುಗಿದಳು. ಶಿರಾದ ಆ ಪುಟ್ಟ ಆಫೀಸಿನಲ್ಲಿ ಅವಳಿಗೆ ಅದು ಮೊದಲ ದಿನ. ವಧು-ವರರ ವೆಬ್‌ಸೈಟಿಗೆ ಅವಳು ಬರೆದ, ಹೆಸರುಗಳನ್ನು ಆರಿಸಿ ತೋರಿಸಬೇಕಾದ ಫಿಲ್ಟರ್ ಖಾಲಿ ಪುಟ ತೋರಿಸುತ್ತಿತ್ತು. ಬೆನ್ನ ಹಿಂದೆ ನಿಂತಿದ್ದವನು ಜಯರಾಮು, ಅವಳಿಗೆ ಕೆಲಸ ಕಲಿಸಬೇಕಾದವನು.

"ಷರತ್ತೇನೋ ಸರಿಯಾಗಿದೆ. ರಿಟರ್ನ್ ಬರೆಯೋದು ಮರೆತಿದೀರಿ. ಅದಿಲ್ದಿದ್ರೆ ಫಿಲ್ಟರ್ ಪ್ರತಿಯೊಬ್ಬರನ್ನೂ ನೋಡುತ್ತೆ, ಯಾರನ್ನೂ ಉಳಿಸ್ಕೊಳ್ಳಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

ಗಂಡ ಅಪಘಾತದಲ್ಲಿ ಹೋಗಿ ಎರಡು ವರ್ಷ... ಅವಳಿಗೆ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ತನ್ನೂರು ತಾವರೆಕೆರೆಯಲ್ಲಿ ಬಸ್ಸು ಹತ್ತುವುದು, ಕೆಲಸ ಮಾಡುವುದು, ಮತ್ತೆ ಬಸ್ಸು ಹತ್ತುವುದು. ಅಷ್ಟೇ.

ಏಳು ತಿಂಗಳು ಹಾಗೇ ಕಳೆಯಿತು. ಜಯರಾಮು ದಿನಾ ಅವಳ ಮೇಜಿನ ಮೇಲೆ ಟೀ ತಂದಿಡುತ್ತಿದ್ದ. ಅವಳು ಅದು ಆರಿದ ಮೇಲೆ ಕುಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ಪುಟ್ಟಕ್ಕನ ಫೋನು ಬಂತು.

"ಬೈಬ್ಯಾಡ ಕಣಮ್ಮ... ನಿಮ್ಮ ಸೈಟ್‌ನಾಗೆ ನಿನ್ನ ಹೆಸರೂ ಹಾಕ್ಸ್‌ಬುಟ್ಟೆ. ಹದಿನೈದು ದಿನ ಆಯ್ತು, ಒಬ್ರಿಗೂ ಕಾಣ್ತಿಲ್ವಂತೆ. ಯಾಕೆ?"

ಸ್ನೇಹಲತಾ ಕೋಡ್ ತೆರೆದಳು. ಫಿಲ್ಟರಿನೊಳಗೆ ಹೊಸದೊಂದು ಷರತ್ತು: ನೋಂದಣಿ ಸಂಖ್ಯೆ 347 ಬಿಟ್ಟು ಉಳಿದವರನ್ನು ತೋರಿಸು.

ಹುಡುಕಿದಳು. 347... ಅವಳೇ! ಷರತ್ತಿನ ಪಕ್ಕದಲ್ಲಿ ಬರೆದವರ ಹೆಸರಿತ್ತು: ಜಯರಾಮು.

'ವಿಧವೆ ಅಂತ ತಾನೇ?'

ಎದ್ದು ಹೋಗಿ ಅವನ ಮುಂದೆ ನಿಂತಳು.

"ಗಂಡ ಸತ್ತವಳು ಪಟ್ಟೀಲಿ ಇದ್ರೆ ಸೈಟಿಗೆ ಅಪಶಕುನಾನಾ ಸಾರ್?"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಹಂಗಲ್ಲ ಕಣ್ರೀ! ನಾನು ಅಳಿಸಿಲ್ಲ. ಫಿಲ್ಟರ್ ಮೂಲ ಪಟ್ಟೀನ ಮುಟ್ಟಲ್ಲ, ನೀವು ಅಲ್ಲೇ ಇದೀರಿ..."

"ಮತ್ತೆ ಯಾಕೆ ಮುಚ್ಚಿಟ್ರಿ?"

ಅವನು ತಲೆ ತಗ್ಗಿಸಿದ. "ಯಾರಾದ್ರೂ ನೋಡಿ ಒಪ್ಕೊಂಡ್ಬುಟ್ರೆ ಅಂತ ಭಯ ಆಯ್ತು. ನಂಗೆ ನೀವಂದ್ರೆ ಇಷ್ಟ... ಹೇಳೋ ಧೈರ್ಯ ಇರ್ಲಿಲ್ಲ. ಆದ್ರೂ ನಾನು ಮಾಡಿದ್ದು ತಪ್ಪು."

"ತಪ್ಪೇ!" ಅವಳ ದನಿ ಒಡೆಯಿತು. "ಹೆಸರು ಹಾಕೋವಾಗ ಅವ್ವ ನನ್ನ ಕೇಳಲಿಲ್ಲ, ತೆಗೆಯೋವಾಗ ನೀವೂ ಕೇಳಲಿಲ್ಲ!"

ಕೆನ್ನೆ ಒದ್ದೆಯಾಗಿತ್ತು. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಬಂದಿತ್ತು... ನೋವೂ ಆಗುತ್ತಿತ್ತು! ಅಂದರೆ ಒಳಗೆ ಎಲ್ಲ ಸತ್ತಿರಲಿಲ್ಲ.

ಅವಳೇ ಕೂತು ಆ ಷರತ್ತನ್ನು ಅಳಿಸಿದಳು. ಪರದೆ ಮೇಲೆ ಅವಳ ಹೆಸರು ಬಂತು. ಒಂದು ನಿಮಿಷ ಅದನ್ನೇ ನೋಡಿದಳು. ಆಮೇಲೆ ತನ್ನ ನೋಂದಣಿಯನ್ನೇ ತೆಗೆದುಹಾಕಿದಳು.

"ಮದ್ವೇನೇ ಬೇಡ ಅಂತಾನಾ?" ಜಯರಾಮು ಮೆಲ್ಲಗೆ ಕೇಳಿದ.

"ಊರೋರೆಲ್ಲ ನೋಡೋದು ಬೇಡ ಅಂತ."

"ಹಂಗಾದ್ರೆ... ನಾನು?"

ಅವಳು ಕಣ್ಣೊರೆಸಿಕೊಂಡಳು. "ಬಾಯಿಬಿಟ್ಟು ಕೇಳಿ."

"ನನ್ನ ಮದ್ವೆ ಆಗ್ತೀರಾ?"

"ಈಗ್ಲೇ ಏನೂ ಹೇಳಕಾಗಲ್ಲ..." ಅವಳ ತುಟಿಯಂಚಿನಲ್ಲಿ ನಗು ಸುಳಿಯಿತು. "ಭಾನುವಾರ ಮನೆಗೆ ಬನ್ನಿ. ಅವ್ವನ ಮುಂದೆ ಇನ್ನೊಂದ್ಸಲ ಕೇಳಿ. ಆಗ ಹೂಂ ಅಂತೀನಿ."