ಮಿಷನ್ ಒಪ್ಪದ ಮುಖ

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೂ ನಾಳೆ ನನ್ನ ಬಾಯಿ ಕಿವಿಯ ಹತ್ತಿರ ಹೋಗಿ ನಿಲ್ಲಲಿ.

ಕುಡುಮಲಕುಂಟೆಯ ಗಾರ್ಮೆಂಟ್ಸ್ ಗೇಟಿನಲ್ಲಿ ತನುಜ ಹಾಜರಿ ಮಿಷನ್‌ಗೆ ಮುಖ ಕೊಟ್ಟು ನಿಂತಳು. "ಟ್ರೈ ಅಗೇನ್" ಅಂದಿತು ಅದು. ಮೂರು ಸಲ!

ಅಂದೇ ಗೇಟಿನ ಕೆಲಸಕ್ಕೆ ಸೇರಿದ್ದ ಸಿದ್ಧಾರ್ಥ್ ರೇಗಿದ. "ಏನಮ್ಮಾ, ಮೂತಿ ಸೊಟ್ಟ ಮಾಡಿ ಅಣಕಿಸ್ತೀಯಾ? ನೆಟ್ಟಗಿಟ್ಕೊ."

"ನೆಟ್ಟಗೇ ಇಟ್ಟಿದ್ದೀನಿ ಸಾರ್..."

ಮಾತು ತೊದಲಿತು. ಎಡ ತುಟಿಯಂಚಿನಿಂದ ಜೊಲ್ಲು ಇಳಿಯಿತು. ರೆಪ್ಪೆ ಬಡಿದಳು, ಬಲಗಣ್ಣು ಮಾತ್ರ ಮುಚ್ಚಿತು.

"ನೋಡ್ರೇ, ಹೊಸಬನಿಗೆ ಕಣ್ಣು ಹೊಡೀತಾಳೆ" ಎಂದು ಹಿಂದಿದ್ದ ರೂಪ ಫೋನ್ ಎತ್ತಿ ಹಿಡಿದಳು. ಸಾಲಿಗೆ ಸಾಲೇ ನಕ್ಕಿತು. ಸಿದ್ಧಾರ್ಥ್ ಅವಳನ್ನು ಗೇಟಿನಾಚೆ ಕಳಿಸಿದ.

ಅಂಗಡಿಯ ಗಾಜಿನಲ್ಲಿ ಆಮೇಲೆ ತನ್ನನ್ನೇ ಕಂಡಳು... ಇದು ಯಾರ ಮುಖ?

ಮಂಚೇನಹಳ್ಳಿಯ ಮನೆಯಲ್ಲಿ ತಾಯಿ ಗಂಗುಲಮ್ಮ ಪಾರಿವಾಳ ತರಿಸಿದಳು. ಲಕ್ವಕ್ಕೆ ಅದರ ಬಿಸಿ ರಕ್ತವೇ ಮದ್ದೆಂದು ಅವಳ ನಂಬಿಕೆ. ತನುಜಳ ಮುಚ್ಚದ ಕಣ್ಣೆದುರೇ ನೆರೆಮನೆಯ ನಲ್ಲಪ್ಪ ಹಕ್ಕಿಯ ಕತ್ತು ಕೊಯ್ದು ಕೆನ್ನೆಗೆ ತಿಕ್ಕಿದ. ಎರಡು ದಿನ, ಎರಡು ಹಕ್ಕಿ. ಮುಖ ಕದಲಲಿಲ್ಲ. ರೂಪಳ ವಿಡಿಯೋ ಮಾತ್ರ ಎಲ್ಲರ ಫೋನಿಗೂ ಹೋಯಿತು.

ಮೂರನೆಯ ದಿನ ಬಾಗಿಲಲ್ಲಿ ಸಿದ್ಧಾರ್ಥ್ ನಿಂತಿದ್ದ.

"ನಗೋಕೆ ಬಂದ್ರಾ?"

"ವಿಡಿಯೋ ನೋಡಿದ್ಮೇಲೆ ಗೊತ್ತಾಯ್ತು, ನೀವು ಅಣಕಿಸಿದ್ದಲ್ಲ ಅಂತ. ನಮ್ಮಪ್ಪಂಗೂ ಹಿಂಗೇ ಆಗಿತ್ತು. ಪಾರಿವಾಳಾನೇ ತಿಕ್ಕಿದ್ರು. ಎಂಟು ವರ್ಷ ಆಯ್ತು, ಈಗ್ಲೂ ಟೀ ಕುಡಿದ್ರೆ ಅಂಗಿ ಮೇಲೆ ಸುರಿಯುತ್ತೆ. ಮೂರು ದಿನದೊಳಗೆ ಬರಬೇಕಿತ್ತು ಅಂದ್ರು ಡಾಕ್ಟ್ರು. ಏಳಿ, ಇವತ್ತು ದಾಟಿದ್ರೆ ಕಷ್ಟ."

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ಕೈಗಳನ್ನು ಎತ್ತಿಸಿ ನೋಡಿದರು. ಹುಬ್ಬೇರಿಸಲು ಹೇಳಿದರು. ಎಡ ಹುಬ್ಬು ಅಲುಗಲಿಲ್ಲ.

"ಇದು ಲಕ್ವ ಅಲ್ಲಮ್ಮ, ಮುಖದ ನರ ಊದಿದೆ. ಮೂರು ದಿನದೊಳಗೆ ಬಂದಿದ್ದೀಯ, ಮಾತ್ರೆ ಕೆಲ್ಸ ಮಾಡುತ್ತೆ. ಕಣ್ಣು ಒಣಗಕ್ಕೆ ಮಾತ್ರ ಬಿಡಬೇಡ."

ಕೆಲಸಕ್ಕೆ ಮರಳಿದರೂ ಒಂದೂವರೆ ತಿಂಗಳು ಮಿಷನ್ ಅವಳ ಮುಖ ಒಪ್ಪಲಿಲ್ಲ. ಸಿದ್ಧಾರ್ಥ್ ಮೇಲಿನವರಿಂದ ಬೈಸಿಕೊಂಡೂ ದಿನವೂ ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೈಯಾರೆ ಬರೆದ. "ಕಣ್ಣಿಗೆ ಡ್ರಾಪ್ಸ್ ಹಾಕಿದ್ಯಾ?" ಅಷ್ಟೇ ಮಾತು.

'ಕನಿಕರ... ಇನ್ನೇನು? ಈ ಮೂತಿಗೆ!' ಎಂದುಕೊಂಡು ಅವಳು ಬಸ್ಸಿನಲ್ಲಿ ಅತ್ತಳು. ಅಳುವಾಗಲೂ ಅರ್ಧ ಮುಖವೇ ಅತ್ತಿತು.

ಒಂದು ಬೆಳಗ್ಗೆ ಮಿಷನ್ "ಥ್ಯಾಂಕ್ಯೂ" ಅಂದಿತು.

ಸಿದ್ಧಾರ್ಥ್ ಪೆನ್ನು ಮುಚ್ಚಿದ. "ಇನ್ಮೇಲೆ ನಿನ್ನ ಹೆಸರು ಬರೆಯೋ ಭಾಗ್ಯ ಇಲ್ಲ ನಂಗೆ."

ಮರುದಿನ ಅವಳು ಬೇಕೆಂದೇ ಬಾಯಿ ತಿರುಚಿ ನಿಂತಳು. "ಟ್ರೈ ಅಗೇನ್."

"ಅಣಕಿಸ್ತೀಯಾ?"

"ಹೂಂ. ಬರೀರಿ. ಪಕ್ಕದಲ್ಲಿ ನಿಮ್ಮ ಹೆಸರೂ ಬರೀರಿ... ಲಗ್ನಪತ್ರಿಕೇಲಿ ಹೆಂಗಿರುತ್ತೋ ಹಂಗೆ."

ಅಂದವಳೇ ಕಣ್ಣು ಹೊಡೆದಳು. ಎಡಗಣ್ಣು.

ನಂಬಿಕೆ ಬರಲಿಲ್ಲವೇ? ಹಾಗಾದರೆ ಈಗಲೇ ಪಕ್ಕದಲ್ಲಿ ಕೂತವರಿಗೆ ಒಂದು ಕಣ್ಣು ಹೊಡೆದು ನೋಡಿ. ಒದೆ ಬಿದ್ದರೆ ನನ್ನ ಹೆಸರು ಹೇಳಬೇಡಿ. ಮದುವೆಯಾದರೆ ಊಟಕ್ಕೆ ಕರೆಯಿರಿ.