ಸುಣ್ಣ ಬಿದ್ದ ಕಲ್ಲುಹೂವು

ಪ್ರಮೋದಾ ಬಸ್ಸಿಳಿದು ನಮ್ಮ ಹೊಲದ ಬದುವಿನ ಮೇಲೆ ಬರುತ್ತಿದ್ದಳು. ಅವಳ ಮೂರು ವರ್ಷದ ರಿಸರ್ಚಿನ ಮೇಲೆ ನಿನ್ನೆ ಸುಣ್ಣ ಬಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಸಾಸಲಿನ ನಮ್ಮ ಹೊಲದಲ್ಲಿ ಮುನೇಶ್ವರನ ಬಂಡೆಯಿದೆ. ಅದರ ಬೆನ್ನಿಗೆ ಪಾಚಿಯಂತೆ ಅಂಟಿ ಬೆಳೆದ ಅಂಗೈಯಗಲ ಕಲ್ಲುಹೂವು, ಮಗ್ಗುಲಲ್ಲೇ ಒಂದು ತಂಗಡಿ ಗಿಡ. ಒಂದೇ ಮಳೆ, ಒಂದೇ ರಸ್ತೆಧೂಳಿನಲ್ಲಿ ಇವೆರಡೂ ಹೇಗೆ ಬೆಳೆಯುತ್ತವೆ ಎಂದು ಹೋಲಿಸುವುದು ಅವಳ ಪಿಎಚ್‌ಡಿ. ತಿಂಗಳಿಗೊಮ್ಮೆ ಅರಿಶಿನಕುಂಟೆಯಿಂದ ಬರುತ್ತಿದ್ದಳು. ಸ್ಕೇಲು ಹಿಡಿಯುವುದು ನನ್ನ ಕೆಲಸ. ತಂಗಡಿ ನನ್ನ ಮೊಣಕಾಲಿನಿಂದ ಎದೆಮಟ್ಟಕ್ಕೆ ಬಂತು, ಮೈತುಂಬ ಹಳದಿ ಹೂವು ಬಿಟ್ಟಿತು. ಕಲ್ಲುಹೂವು ಬೆಳೆದದ್ದು ನಾಲ್ಕೇ ಮಿಲಿಮೀಟರ್. ಬೇರಿಲ್ಲ, ಹೂವಿಲ್ಲ, ಹೆಸರು ಮಾತ್ರ ದೊಡ್ಡದು ಎಂದು ನಾನು ಛೇಡಿಸಿದರೆ, ಮಾತು ಬರದವರನ್ನು ಆಡಿಕೊಳ್ಳಬೇಡಿ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ಆ ಒಂದು ನೋಟಕ್ಕೆ ನಾನು ತಿಂಗಳೆಲ್ಲ ಕಾಯುತ್ತಿದ್ದೆ.

ಈ ತಿಂಗಳ ಅಳತೆಯೇ ಕೊನೆಯದು ಎಂದು ಹೋದ ಸಲ ಹೇಳಿದ್ದಳು. ಅಂದಿನಿಂದ ನನಗೆ ಅನ್ನ ಸೇರಿರಲಿಲ್ಲ.

ಬಂಡೆ ಕಂಡವಳೇ ನಿಂತುಬಿಟ್ಟಳು. ಮುಟ್ಟಿ ನೋಡಿದಳು. ಸುಣ್ಣದ ಜೊತೆ ಕಲ್ಲುಹೂವೂ ಪುಡಿಯಾಗಿ ಉದುರಿತು.

"ಯಾರು ಮಾಡಿದ್ದು ಕೆಂಪರಾಜ್?"

ನಮ್ಮ ದೊಡ್ಡಮ್ಮ ಅಕ್ಕಯಮ್ಮ ಪೂಜೆಗೆಂದು ಪ್ರತಿವರ್ಷ ಬಂಡೆಯ ಮುಂಭಾಗಕ್ಕೆ ಮಾತ್ರ ಸುಣ್ಣ ಹೊಡೆಯುತ್ತಾಳೆ, ಈ ವರ್ಷ ಉಳಿದದ್ದನ್ನು ಬೆನ್ನಿಗೂ ಬಳಿದಳು ಎಂದೆ. ಅಲ್ಲಿಗೇ ನಿಲ್ಲಿಸಿ, ದೊಡ್ಡಮ್ಮನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು.

"ನೀವೆಲ್ಲಿದ್ರಿ?"

"ಇಲ್ಲೇ. ಬಕೆಟ್ ಹಿಡ್ಕೊಂಡಿದ್ದೆ."

"ಬೇಡ ಅನ್ನೋಕಾಗ್ಲಿಲ್ವಾ?"

"ಆಗ್ತಿತ್ತು. ಅನ್ಲಿಲ್ಲ. ಅಳತೆ ಮುಗಿದ್ರೆ ನೀವು ಮತ್ತೆ ಬರಲ್ಲ ಅಂತ ಭಯ ಆಯ್ತು. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ. ಆದ್ರೆ ಮಾಡಿದ್ದು ತಪ್ಪು."

ಅವಳ ಕಣ್ಣು ತುಂಬಿತು. ಇದಕ್ಕೆ ನಿಮ್ಮಪ್ಪನಷ್ಟು ವಯಸ್ಸಾಗಿತ್ತು ಎಂದಷ್ಟೇ ಹೇಳಿ, ಬ್ಯಾಗು ಹೆಗಲಿಗೇರಿಸಿ ಹೊರಟಳು. ಎಲ್ಲ ಮುಗಿಯಿತು ಎಂದುಕೊಂಡು ನಾನು ಹಿಂದೆಯೇ ನಡೆದೆ.

ರಸ್ತೆ ಮುಟ್ಟಿದ ಮೇಲೆ ತಿರುಗಿದಳು.

"ಅಳತೆ ಮೊನ್ನೆ ಬುಧವಾರನೇ ಮುಗೀತು. ಗೈಡ್ ಅವಸರ ಮಾಡಿದ್ರು, ಬಂದು ತಗೊಂಡ್ಹೋದೆ. ನೀವು ದೊಡ್ಡಬಳ್ಳಾಪುರಕ್ಕೆ ಹೋಗಿದ್ರಂತೆ."

"ಮತ್ತೆ ಇವತ್ತು?"

"ಇವತ್ತು ಬ್ಯಾಗಲ್ಲಿ ಸ್ಕೇಲೇ ಇಲ್ಲ."

ಮುಖದ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಬಸ್ಸು ಬಂತು, ನಿಂತಿತು. ಅವಳು ಹತ್ತಲಿಲ್ಲ.