ಕೊನೆಯ ಸಲ ಸರಿಯಾಗಿ ಕಂಡಿದ್ದು

"ಕೊನೇ ಸಲ ಅವರನ್ನ ಸರಿಯಾಗಿ ನೋಡಿದ್ದು ಯಾವಾಗ?"

ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಫಾರಂ ಹಿಡಿದು ನಿಂತ ನರ್ಸ್ ಮೂರನೆಯ ಸಲ ಕೇಳಿದಳು. ಅವನು ಅವಳ ಕಡೆ ತಿರುಗಲೇ ಇಲ್ಲ. ಪರದೆಯಾಚೆ ಸ್ಟ್ರೆಚರ್ ಮೇಲಿದ್ದ ಅವನ ದೊಡ್ಡಮ್ಮನ ಬಲಗೈ ಪಕ್ಕಕ್ಕೆ ಜಾರಿ ನೇತಾಡುತ್ತಿತ್ತು. ಅವನ ಕಣ್ಣು ಅಲ್ಲೇ ನೆಟ್ಟಿತ್ತು. ನೀಲಿ ಸಮವಸ್ತ್ರ, ಮೊಣಕೈವರೆಗೆ ಗ್ರೀಸು, ಸೊಂಟದಲ್ಲಿ ಸ್ಪ್ಯಾನರು.

"ರೀ! ನಿಮ್ಮನ್ನೇ ಕೇಳ್ತಿರೋದು. ಹೊತ್ತು ಹೋಗ್ತಿದೆ!"

"ಮರೆತ ಸ್ಪ್ಯಾನರಿಗೆ ಅಂತ ಒಂಬತ್ತೂವರೆಗೆ ಮನೆಗೆ ಬಂದೆ... ಬಾತ್‌ರೂಮಲ್ಲಿ ಬಿದ್ದಿದ್ರು..."

"ಬಿದ್ದಾಗಿಂದಲ್ಲ. ಅದಕ್ಕೂ ಮುಂಚೆ. ಚೆನ್ನಾಗಿದ್ದಾಗ."

"ಏಳು. ಬೆಳಿಗ್ಗೆ ಏಳು. ಕೆಲಸಕ್ಕೆ ಹೊರಡೋವಾಗ ಮಾತಾಡಿದ್ರು."

"ಮಾತು ಸ್ಪಷ್ಟ ಇತ್ತಾ? ತೊದಲಲಿಲ್ವಾ?"

"ನಮ್ಮ ದೊಡ್ಡಮ್ಮ ತೊದಲೋದಾ?" ಅವನು ಈಗ ತಿರುಗಿದ. ಕಣ್ಣು ಕೆಂಪಾಗಿತ್ತು. "ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇದ್ದೋರು ರೀ. ಗಂಟೆ ಹೊಡೆದಂಗೆ ಮಾತು!"

ಅವಳು ಏಳು ಎಂದು ಬರೆದಳು.

ಅದರ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: 'ಕಣ್ಣಾರೆ ಕಂಡರೇ?' ಅದನ್ನು ಕೇಳಲೆಂದು ಅವಳು ತಲೆ ಎತ್ತಿದಳು. ಅವನ ಗ್ರೀಸು ಮೆತ್ತಿದ ಬೆರಳುಗಳು ಎಲೆಯ ಹಾಗೆ ನಡುಗುತ್ತಿದ್ದವು. ಪಾಪ ಅನ್ನಿಸಿತು... ಮಾತಾಡಿಸಿದ ಮೇಲೆ ನೋಡಿಯೇ ಇರುತ್ತಾನಲ್ಲ!

ಕೇಳದೆಯೇ 'ಹೌದು' ಎಂದು ಗುರುತು ಹಾಕಿದಳು.

ಪಾರ್ಶ್ವವಾಯು ಹೊಡೆದು ನಾಲ್ಕೂವರೆ ಗಂಟೆಯೊಳಗಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿ ಕೊಡಬಹುದು. ಮೀರಿದರೆ ಅದೇ ಔಷಧಿ ಮೆದುಳಿನೊಳಗೆ ರಕ್ತ ಸುರಿಸಬಹುದು. ಹೊಡೆದದ್ದನ್ನು ಯಾರೂ ಕಾಣದಿದ್ದರೆ, ಚೆನ್ನಾಗಿದ್ದಾಗ ಕೊನೆಗೆ ಕಂಡ ಹೊತ್ತಿನಿಂದಲೇ ಲೆಕ್ಕ. ಹನ್ನೊಂದು ಹತ್ತಕ್ಕೆ ಸೂಜಿ ಚುಚ್ಚಿದರು. ಇಪ್ಪತ್ತು ನಿಮಿಷ ಬಾಕಿಯಿತ್ತು. ಬಚಾವ್ ಎಂದುಕೊಂಡರು ಎಲ್ಲರೂ.

ಮರುದಿನ ದೊಡ್ಡಮ್ಮನ ತಲೆಯೊಳಗೆ ರಕ್ತ ಸುರಿಯಿತು.

ಅವಳು ಆ ಆಸ್ಪತ್ರೆಯ ಸಂಶೋಧನಾ ವಿಭಾಗದ ನರ್ಸ್. ಬಂದವರಿಗೆಲ್ಲ ಹೊತ್ತು ಕೇಳುತ್ತಾಳೆಂದು ವಾರ್ಡಿನವರು ಇಟ್ಟ ಹೆಸರು 'ಗಡಿಯಾರ'. ಮೊದಲ ದಿನದ ಸ್ಕ್ಯಾನು, ಕೈಕಾಲಿನ ಬಲ, ಹೊಡೆದ ಹೊತ್ತು, ಇಷ್ಟನ್ನು ಕಂಪ್ಯೂಟರಿಗೆ ತುಂಬಿದರೆ ತೊಂಬತ್ತನೆಯ ದಿನ ರೋಗಿ ಹೇಗಿರುತ್ತಾನೆಂದು ಅದು ಒಂದು ಅಂಕಿ ಕೊಡುತ್ತಿತ್ತು. ಸೊನ್ನೆಯೆಂದರೆ ಏನೂ ಆಗೇ ಇಲ್ಲದ ಹಾಗೆ. ಆರೆಂದರೆ ಸಾವು. ತೊಂಬತ್ತನೆಯ ದಿನ ಮನೆಗೆ ಫೋನ್ ಮಾಡಿ, ಅಂಕಿ ನಿಜವಾಯಿತೇ ಎಂದು ನೋಡುತ್ತಿದ್ದರು. ಅದೇ ಅಧ್ಯಯನ.

ದೊಡ್ಡಮ್ಮನಿಗೆ ಕಂಪ್ಯೂಟರು ಕೊಟ್ಟ ಅಂಕಿ ಎರಡು. ಅಂದರೆ ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು.

ಆದರೆ ದೊಡ್ಡಮ್ಮ ಕಣ್ಣು ಬಿಡಲು ಒಂಬತ್ತು ದಿನ ಹಿಡಿಯಿತು.

ಅವನು ದಿನಾ ಬರುತ್ತಿದ್ದ. ಹೆತ್ತವರಿಲ್ಲದವನನ್ನು ಸಾಕಿದವಳು ಈ ದೊಡ್ಡಮ್ಮ. ಆ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕೂ ಅವನೇ. ಮಧ್ಯಾಹ್ನ ಮೂರಕ್ಕೆ ಕಾಫಿ ಯಂತ್ರದ ಹತ್ತಿರ ಸಿಗುತ್ತಿದ್ದ.

"ಏನ್ ಗಡಿಯಾರದಮ್ಮ, ಎಷ್ಟು ಹೊತ್ತಾಯ್ತು?"

"ನಿಮಗೆ ಕೆಲಸ ಇಲ್ವಾ? ಎರಡನೇ ಲಿಫ್ಟು ನಿನ್ನೆಯಿಂದ ನರಳ್ತಿದೆ."

"ಅದು ನರಳ್ಕೊಂಡೇ ಇನ್ನಿಪ್ಪತ್ತು ವರ್ಷ ಬದುಕುತ್ತೆ, ನಮ್ಮ ದೊಡ್ಡಮ್ಮನ ಥರ." ಅವಳ ಮುಖ ನೋಡಿದ. "ಅಲ್ವಾ?"

ಅವಳು ಕಾಫಿ ಹೀರಿದಳು.

"ಮೇಲ್ದುಟಿ ಮೇಲೆ ನೊರೆ ಮೀಸೆ ಬಂದಿದೆ," ಎಂದ. ಅವಳು ಒರೆಸಿಕೊಂಡಳು. ಇಬ್ಬರೂ ನಕ್ಕರು.

ಮೂರು ಗಂಟೆಯಾಗುವುದನ್ನು ಅವಳು ಕಾಯತೊಡಗಿದಳು. 'ಥೂ, ನಿನಗೇನಾಗಿದೆ? ರೋಗಿ ಕಡೆಯವನು ಅವನು!' ಎಂದು ಬೈದುಕೊಂಡಳು. ಆದರೂ ಎರಡು ಐವತ್ತಕ್ಕೆ ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು.

ಹತ್ತೊಂಬತ್ತನೆಯ ದಿನ ದೊಡ್ಡಮ್ಮನ ಬಾಯಿಂದ ಮೊದಲ ಮಾತು ಬಂತು.

"ಸಾಯ್ಲಿ ಬಿಡು."

ಅವನು ಕುಣಿದುಬಿಟ್ಟ! "ಕೇಳಿದ್ರಾ? ನಮ್ಮ ದೊಡ್ಡಮ್ಮನ ಮಂತ್ರ! ಹಾಲು ಉಕ್ಕಿದ್ರೂ ಸಾಯ್ಲಿ ಬಿಡು, ಬಸ್ ಹೋದ್ರೂ ಸಾಯ್ಲಿ ಬಿಡು. ವಾಪಸ್ ಬಂದ್ರು ನೋಡಿ!"

ಆದರೆ ಬಂದದ್ದು ಅದೊಂದೇ ಮಾತು. ನೀರು ಬೇಕಾ ಅಂದರೂ ಸಾಯ್ಲಿ ಬಿಡು. ಇದ್ಯಾರು ಅಂದರೂ ಸಾಯ್ಲಿ ಬಿಡು. ಮಾತಿನ ಉಗ್ರಾಣವೆಲ್ಲ ಸುಟ್ಟುಹೋಗಿ, ಬಾಗಿಲ ಬಳಿ ಬಿದ್ದಿದ್ದ ಒಂದು ಚೀಲ ಮಾತ್ರ ಉಳಿದಂತೆ. ಮೆದುಳಿನ ಎಡಭಾಗಕ್ಕೆ ಏಟು ಬಿದ್ದ ಕೆಲವರಿಗೆ ಹೀಗಾಗುತ್ತದೆ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಹಳ ದಿನ ಹೊಳೆಯಲಿಲ್ಲ...

ನಲವತ್ತೇಳನೆಯ ದಿನ, ಕಾಫಿ ಯಂತ್ರದ ಬಳಿ ಅವನು ನಗುತ್ತಾ ಹೇಳಿದ: "ಆವತ್ತು ಬೆಳಿಗ್ಗೇನೂ ಇದೇ ಮಂತ್ರ! ನಾನು ಹೊರಡ್ತಿದ್ದೆ. ದೊಡ್ಡಮ್ಮ, ಬೀಗದಕೈ ಎಲ್ಲಿ ಅಂದೆ. ಬಾತ್‌ರೂಮ್ ಒಳಗಿಂದ ಸಾಯ್ಲಿ ಬಿಡು. ಮಧ್ಯಾಹ್ನ ಊಟಕ್ಕೆ ಬರಲ್ಲ ಅಂದೆ. ಸಾಯ್ಲಿ ಬಿಡು. ನಿನಗೇನಾದ್ರೂ ತರ್ಲಾ ಅಂದೆ. ಅದಕ್ಕೂ ಅದೇ!"

ಅವಳ ಕೈಯ ಲೋಟ ನಿಂತಲ್ಲೇ ನಿಂತಿತು.

"ಬಾತ್‌ರೂಮ್... ಒಳಗಿಂದ?"

"ಹ್ಞೂಂ."

"ನೀವು ನೋಡ್ಲಿಲ್ವಾ?"

"ಬಾಗಿಲು ಹಾಕಿತ್ತಲ್ಲ. ಯಾಕೆ? ಮುಖ ಯಾಕೆ ಹಾಗಾಯ್ತು?"

"ಅದಕ್ಕೆ ಮುಂಚೆ ನೋಡಿದ್ದು ಯಾವಾಗ?"

"ಹಿಂದಿನ ರಾತ್ರಿ. ಹತ್ತಕ್ಕೆ. ಮಲಗೋವಾಗ."

ರಾತ್ರಿ ಹತ್ತರಿಂದ ಮರುದಿನ ಹನ್ನೊಂದು... ಹದಿಮೂರು ಗಂಟೆ!

ಏಳಕ್ಕೆ ಬಾಗಿಲಾಚೆ ಇದ್ದವಳು ಆಗಲೇ ಮಾತು ಕಳೆದುಕೊಂಡವಳು. ಸಹಾಯಕ್ಕೆ ಕೂಗಿದ್ದಳೋ ಏನೋ. ಬಾಯಿಗೆ ಬಂದದ್ದು ಅದೊಂದೇ. ಹೊರಗಿದ್ದವನು ನಕ್ಕು ಮೆಟ್ಟಿಲಿಳಿದ. ಮತ್ತು ತಾನು... ಕೇಳದೆ ಗುರುತು ಹಾಕಿದ್ದಳು.

"ಏನಾಯ್ತ್ರೀ?" ಅವನು ಕೇಳುತ್ತಲೇ ಇದ್ದ.

"ಏನಿಲ್ಲ... ಕೆಲಸ ಇದೆ." ಅವಳು ಓಡಿದಳು.

ದೊಡ್ಡ ಡಾಕ್ಟರು ಅವಳು ಹೇಳಿದ್ದನ್ನು ಪೂರಾ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಔಷಧಿ ಕೊಡಬಾರದಿತ್ತು."

"ಕೊಡದಿದ್ರೆ ರಕ್ತ ಸುರೀತಿರ್ಲಿಲ್ವಾ ಸರ್?"

"ಯಾರಿಗ್ಗೊತ್ತು? ಸುರೀತಿತ್ತೋ ಏನೋ. ಗೊತ್ತಾಗಲ್ಲ, ಅದೇ ನರಕ. ಬರೆದುಕೊಡು, ಎಲ್ಲಾನೂ. ಮನೆಯವರಿಗೆ ನಾನು ಹೇಳ್ತೀನಿ. ನಿಯಮ. ಅಲ್ಲೀತನಕ ನೀನು ಬಾಯಿ ಬಿಡಬೇಡ."

ಎರಡು ದಿನ ಅವಳು ಮೂರು ಗಂಟೆಗೆ ಕಾಫಿ ಯಂತ್ರದ ಕಡೆ ಹೋಗಲಿಲ್ಲ. ಮೂರನೆಯ ದಿನ ಡಾಕ್ಟರ ಕೋಣೆಯಿಂದ ಹೊರಬಂದ ಅವನು ಅವಳ ಮೇಜಿನ ಮುಂದೆ ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

"ನಿಮ್ಮ ಅಕ್ಷರ ಚೆನ್ನಾಗಿದೆ," ಎಂದ. "ಓದಿದೆ. ನಾನು ನಕ್ಕೊಂಡು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರ್ದಿದೀರ. ಕಾಫಿ ಕುಡಿಸಿ ಕುಡಿಸಿ ಬಾಯಿ ಬಿಡಿಸೋದು... ಅದೂ ಸಂಶೋಧನೇನೇ?"

"ಅಯ್ಯೋ, ಹಾಗಲ್ಲ... ನನ್ನ ತಪ್ಪನ್ನೂ ಬರ್ದಿದೀನಿ, ಕೊನೇಲಿ ನೋಡಿ..."

"ಕೊನೇತನಕ ಓದಕ್ಕಾಗ್ಲಿಲ್ಲ. ದೊಡ್ಡಮ್ಮನ್ನ ಕೊಂದಿದ್ದು ನಾನು ಅಂತ ಮೊದಲ ಪುಟದಲ್ಲೇ ಗೊತ್ತಾಯ್ತು."

"ಅವರು ಬದುಕಿದಾರೆ!"

"ಇದನ್ನ ಬದುಕು ಅಂತೀರಾ?"

ಆ ಸಂಜೆಯೇ ದೊಡ್ಡಮ್ಮನನ್ನು ಮನೆಗೆ ಕರೆದೊಯ್ದ. ಲಿಫ್ಟಿನ ಕೆಲಸಕ್ಕೆ ಬೇರೆ ಯಾರೋ ಬಂದರು. ಅವಳು ಹತ್ತು ಸಲ ಫೋನ್ ಮಾಡಿದಳು. ಅವನು ಒಂದನ್ನೂ ಎತ್ತಲಿಲ್ಲ.

ತೊಂಬತ್ತನೆಯ ದಿನ ಬಂತು. ದೊಡ್ಡಮ್ಮನ ಕಡತ ಈಗ ಅವಳ ಕೈಯಲ್ಲಿರಲಿಲ್ಲ. ಪಕ್ಕದ ಮೇಜಿನ ಗೆಳತಿ ಬೆಳಿಗ್ಗೆ ಕರೆ ಮಾಡಿದಳು, ಮಧ್ಯಾಹ್ನ ಮಾಡಿದಳು, ನಾಲ್ಕಕ್ಕೆ ಮತ್ತೆ ಮಾಡಿದಳು.

"ಎತ್ತಲ್ಲ ಕಣೇ," ಎಂದು ರಿಸೀವರ್ ಇಟ್ಟಳು. "ಎತ್ತದಿದ್ರೆ ಏನು ಅಂತ ನಿನಗೇ ಗೊತ್ತಲ್ಲ."

ಗೊತ್ತಿತ್ತು. ಎತ್ತದ ಫೋನೆಂದರೆ ಹತ್ತರಲ್ಲಿ ಎಂಟು ಸಲ ಅಂಕಿ ಆರು. ಸಾವು.

ಅವಳು ಚೀಲ ಹೆಗಲಿಗೇರಿಸಿದಳು. ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು.

ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂದು ಚೀಟಿ ಅಂಟಿಸಿತ್ತು. ಅವನಿದ್ದೂ ಹೀಗಾ? ಅಥವಾ ಅವನೇ ಇಲ್ಲವಾ? ಎರಡೆರಡು ಮೆಟ್ಟಿಲು ಹಾರುತ್ತಾ ಮೂರನೆಯ ಮಹಡಿಗೆ ಹತ್ತಿದಳು.

ಬಾಗಿಲ ಮುಂದೆ ನಿಂತಾಗ ಒಳಗಿಂದ ಕೇಳಿಸಿತು.

"ಸಾಯ್ಲಿ ಬಿಡು! ಸಾಯ್ಲಿ ಬಿಡು! ಸಾಯ್ಲಿ ಬಿಡು!"

ಇದ್ದಾಳೆ! ಬದುಕಿದ್ದಾಳೆ! ಅವಳು ಗೋಡೆಗೆ ಒರಗಿದಳು. ಆದರೆ ಇದು ಬೈಗುಳವೋ, ಅಳುವೋ, ಸಹಾಯಕ್ಕೆ ಕೂಗೋ? ಬಾಗಿಲಾಚೆಯ ದನಿ ಏನನ್ನೂ ಹೇಳುವುದಿಲ್ಲ...

ಬಾಗಿಲು ಬಡಿದಳು.

"ಯಾರು?" ಅವನ ದನಿ.

"ನಾನು."

ಒಳಗೆ ಕೂಗೂ ನಿಂತಿತು.

"ಎಲ್ಲ ಸರಿಯಾಗಿದೆ. ಹೋಗಿ."

"ನೋಡ್ಬೇಕು."

"ಸರಿಯಾಗಿದೆ ಅಂದ್ನಲ್ಲ! ಬರ್ಕೊಳಿ ಹೋಗಿ, ನಿಮ್ಮ ಫಾರಮ್ಮಲ್ಲಿ!"

"ಇಲ್ಲ!" ಅವಳು ಬಾಗಿಲಿಗೆ ಅಂಗೈ ಒತ್ತಿದಳು. "ಕೇಳಿಸ್ಕೊಂಡು ಬರ್ಕೊಳಲ್ಲ. ಒಂದು ಸಲ ಬರ್ಕೊಂಡೆ, ಸಾಕು. ಬಾಗಿಲು ತೆಗೀರಿ, ಕಣ್ಣಲ್ಲಿ ನೋಡ್ಬೇಕು. ತೆಗೆಯೋವರೆಗೂ ಇಲ್ಲೇ ಇರ್ತೀನಿ!"

ಮತ್ತೆ ದೊಡ್ಡಮ್ಮನ ದನಿ. ಈ ಸಲ ಒಂದೇ ಒಂದು, ಗಂಟೆ ಹೊಡೆದ ಹಾಗೆ: "ಸಾಯ್ಲಿ ಬಿಡು!"

ಚಿಲಕ ಸರಿಯಿತು.

ಅವನು ಬಡಕಲಾಗಿದ್ದ. ಗಡ್ಡ ಬಂದಿತ್ತು. ಕೈಯಲ್ಲೊಂದು ಬಾಚಣಿಗೆ. ಹಿಂದೆ, ಕಿಟಕಿಯ ಬಳಿ ಕುರ್ಚಿಯಲ್ಲಿ ದೊಡ್ಡಮ್ಮ, ತಲೆಗೂದಲು ಅರ್ಧ ಹೆಣೆದು ಅರ್ಧ ಕೆದರಿ. ಎಡಗೈಯನ್ನು ಬಾಗಿಲಿನ ಕಡೆ ಬೀಸುತ್ತಿದ್ದಳು.

"ಫೋನ್ ರಿಂಗಾದಾಗೆಲ್ಲ ಹೀಗೇ, ನಿಂತ ಮೇಲೂ ಕೂಗ್ತಾರೆ," ಎಂದ ಅವನು, ನೆಲ ನೋಡುತ್ತಾ. "ಮೂವತ್ತು ವರ್ಷ ಫೋನ್ ಎತ್ತಿದೋರಲ್ವಾ. ಎತ್ತದಿದ್ರೆ ಸಹಿಸಲ್ಲ. ಇವತ್ತು ಬೆಳಿಗ್ಗೆಯಿಂದ ನನ್ನ ತಲೆ ತಿಂದ್ಬಿಟ್ರು."

ಅವಳ ಕಣ್ಣು ಮನೆಯೊಳಗೆ ಸುತ್ತಿತು. ಬಾತ್‌ರೂಮಿಗೆ ಬಾಗಿಲಿರಲಿಲ್ಲ. ಕೀಲು ಬಿಚ್ಚಿ ಗೋಡೆಗೆ ಒರಗಿಸಿದ್ದ. ಅದರ ಜಾಗದಲ್ಲೊಂದು ಪರದೆ. ಮಲಗುವ ಕೋಣೆಗೂ ಹಾಗೆಯೇ.

ನೋಡಿದ್ದೇ ಅವಳಿಗೆ ಅಳು ಬಂತು.

"ಕೊನೇ ಪುಟ ಓದಿ," ಎಂದಳು, ಮೂಗು ಒರೆಸಿಕೊಳ್ಳುತ್ತಾ. "ಪ್ರಶ್ನೆ ಇತ್ತು. ಕಣ್ಣಾರೆ ಕಂಡ್ರಾ ಅಂತ. ನಾನು ಕೇಳ್ಲಿಲ್ಲ. ನಿಮ್ಮ ಕೈ ನಡುಗ್ತಿತ್ತು, ನನಗೆ ಪಾಪ ಅನ್ನಿಸ್ತು, ಅದಕ್ಕೆ ಕೇಳ್ಲಿಲ್ಲ. ಕೇಳೋದೇ ನನ್ನ ಕೆಲಸ. ನಿಮಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು."

ಅವನು ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದ.

"ಮತ್ತೆ ಮಾಡಿದ ಹತ್ತು ಕಾಲ್?"

"ಅದು ಅಧ್ಯಯನಕ್ಕಲ್ಲ."

"ಮತ್ತೆ ಯಾಕೆ?"

"ಮೂರು ಗಂಟೆಗೆ ಕಾಫಿ ಕುಡಿಯಕ್ಕೆ ಆಗ್ತಿಲ್ಲ..." ಅವಳು ಮುಖ ಆಚೆ ತಿರುಗಿಸಿದಳು. "ಯಂತ್ರದ ಹತ್ರ ಹೋದ್ರೆ ಅಳು ಬರುತ್ತೆ. ಅದಕ್ಕೆ."

ದೊಡ್ಡಮ್ಮ ಎಡಗೈ ಚಾಚಿ ಅವನ ಅಂಗಿಯ ತುದಿ ಹಿಡಿದೆಳೆದಳು. ಬಾಚಣಿಗೆ ಕಿತ್ತುಕೊಂಡು ಬಂದವಳ ಕಡೆ ಹಿಡಿದಳು.

ಅವಳು ತೆಗೆದುಕೊಂಡಳು. ಕುರ್ಚಿಯ ಹಿಂದೆ ನಿಂತು ಸಿಕ್ಕು ಬಿಡಿಸತೊಡಗಿದಳು. ಕಂಪ್ಯೂಟರು ಎರಡೆಂದಿತ್ತು. ಅವಳ ಮುಂದೆ ಕುಳಿತಿದ್ದದ್ದು ನಾಲ್ಕು. ಎದ್ದು ನಿಲ್ಲಲು ಆಗದ, ಅಂಗಿ ತೊಡಲು ಆಗದ ನಾಲ್ಕು. ಮೂರಾಗುವ ಭರವಸೆ ಯಾರೂ ಕೊಡಲಾರರು. ಇನ್ನೊಂದು ಏಟು ಯಾವತ್ತು ಬೇಕಾದರೂ ಬೀಳಬಹುದು. ಇದೆಲ್ಲ ಇಬ್ಬರಿಗೂ ಗೊತ್ತಿತ್ತು.

"ಇಲ್ಲಿ ಬಂದು ಸೇರ್ಕೊಂಡ್ರೆ ಇದೇ ಬದುಕು," ಎಂದ ಅವನು ಮೆಲ್ಲಗೆ. "ಸುಳ್ಳು ಹೇಳಲ್ಲ. ದಿನಾ ಭಯ. ಬೆಳಿಗ್ಗೆ ಐದಕ್ಕೊಂದು ಸಲ, ಆರಕ್ಕೊಂದು ಸಲ, ಏಳಕ್ಕೊಂದು ಸಲ ಎದ್ದು ನೋಡ್ತೀನಿ."

"ಏಳರದ್ದು ನನಗಿರಲಿ," ಎಂದಳು ಅವಳು. "ನೀವು ಆ ಹೊತ್ತಿಗೆ ಮಲಗಿ."

"ಸಾಯ್ಲಿ ಬಿಡು," ಎಂದಳು ದೊಡ್ಡಮ್ಮ, ಕಣ್ಣು ಮುಚ್ಚಿ, ಹಿತವಾಗಿ.

ಅವನು ಆವತ್ತು ಮೊದಲ ಸಲ ನಕ್ಕ. ಅದನ್ನು ನೋಡಿ ಅವಳ ಕೈಯಲ್ಲಿ ಜಡೆ ನಿಂತಿತು.

"ಒಂದು ಪ್ರಶ್ನೆ ಬಾಕಿ ಇದೆ," ಎಂದಳು.

"ಕೇಳು." ಯಾವಾಗ 'ನೀವು' ಬಿಟ್ಟನೋ ಅವನಿಗೇ ತಿಳಿಯಲಿಲ್ಲ.

"ಕೊನೇ ಸಲ ನನ್ನನ್ನ ಸರಿಯಾಗಿ ನೋಡಿದ್ದು ಯಾವಾಗ?"

"ನಲವತ್ಮೂರು ದಿನ ಆಯ್ತು. ಮಧ್ಯಾಹ್ನ ಮೂರು ಗಂಟೆ. ಕಾಫಿ ಯಂತ್ರದ ಹತ್ರ."

"ಕಣ್ಣಾರೆ?"

ಅವನು ಹತ್ತಿರ ಬಂದು, ಅವಳ ಮೇಲ್ದುಟಿಯ ಮೇಲೆ ಇಲ್ಲದ ನೊರೆಯನ್ನು ಹೆಬ್ಬೆರಳಿನಿಂದ ಒರೆಸಿದ.

"ಕಣ್ಣಾರೆ."